ಹಾಡನ್ನು ಚಿತ್ರಿಸುವವರಿಗೆ ಬೇಕಾದ ಸಲಕರಣೆ

ಒಂದು ಹಾಡನ್ನು ಚಿತ್ರಸಮೇತವಾಗಿ ಜನರ ಮುಂದಿಡಬೇಕೆಂಬ ಆಸೆ ಈಗ ನಮ್ಮ ಊರೂರಿನ ಗಾಯಕರಿಗೂ ಹುಟ್ಟಿದೆ. ಆಸೆ ತಪ್ಪಲ್ಲ. ಭಾವಗೀತೆ ಹಾಡುವ ತರುಣಿ, ವಚನ ಹಾಡುವ ಮೇಷ್ಟರು, ಭಜನೆಯ ಮಂಡಳಿ, ಡೊಳ್ಳಿನ ಮೇಳ, ಗಿಟಾರು ಹಿಡಿದ ಕಾಲೇಜು ಹುಡುಗರು, ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: “ಯಾವ ಕ್ಯಾಮೆರಾ ಕೊಳ್ಳಬೇಕು?” ಮಗಳ ಮದುವೆ ಮಾಡಬೇಕೆಂದವರು ವರನನ್ನು ನೋಡುವ ಮೊದಲೇ ವಾಲಗದವರಿಗೆ ಮುಂಗಡ ಕೊಟ್ಟು ಬಂದಂತೆ ಇದು. ವಾಲಗ ಬೇಕು, ಅನುಮಾನವಿಲ್ಲ. ಆದರೆ ಅದಕ್ಕೆ ಮುಂಚೆ ನಿಶ್ಚಯವಾಗಬೇಕಾದ ಸಂಗತಿಗಳು ಕೆಲವುಂಟು.

ಈ ಪ್ರಶ್ನೆಯನ್ನು ನಗೆಯಾಡಿ ತಳ್ಳಿಹಾಕುವಂತೆಯೂ ಇಲ್ಲ. ಒಂದು ಒಳ್ಳೆಯ ಕ್ಯಾಮೆರಾ, ಅದಕ್ಕೆ ತಕ್ಕ ಲೆನ್ಸು ಎಂದರೆ ಇಂದು ಲಕ್ಷ ರೂಪಾಯಿಯ ಆಚೆಯ ಮಾತು. ಹಾರ್ಮೋನಿಯಂ ರಿಪೇರಿಗೆ ಹಿಂದುಮುಂದು ನೋಡುವ ಮನೆಗಳಲ್ಲಿ ಅದು ಸಾಲದ ಹಣ, ಇಲ್ಲವೆ ಒಡವೆ ಇಟ್ಟು ತಂದ ಹಣ. ಹಣ ಹೋದರೆ ದುಡಿದು ತೀರಿಸಬಹುದು. ಇನ್ನೊಂದು ನಷ್ಟವುಂಟು, ಅದನ್ನು ತೀರಿಸಲಾಗದು. ನಮ್ಮ ಹಳ್ಳಿಗಳಲ್ಲಿ ತತ್ತ್ವಪದ ಹಾಡುವವರು, ಗೀಗೀ ಪದದವರು, ಕಂಸಾಳೆಯವರು, ಸೋಬಾನೆ ಹೇಳುವ ಅಜ್ಜಿಯರು ಇನ್ನೂ ಇದ್ದಾರೆ. ಎಂಬತ್ತು ವರ್ಷದ ಕಂಠ ಒಂದು ಸಂಜೆ ಚೆನ್ನಾಗಿ ಕೂಡಿಬಂದಾಗ, ಕ್ಯಾಮೆರಾ ತಂದವನ ಬಳಿ ಒಳ್ಳೆಯ ಮೈಕು ಇಲ್ಲದೆ ಹೋದರೆ, ಅಜ್ಜಿಯ ಮುಖದ ಒಂದೊಂದು ಸುಕ್ಕೂ ಸ್ಪಷ್ಟವಾಗಿ ಕಾಣುತ್ತದೆ. ಪದ ಮಾತ್ರ ಫ್ಯಾನಿನ ಸದ್ದಿನೊಳಗೆ ಮುಳುಗಿರುತ್ತದೆ. ಅಂಥ ಇನ್ನೊಂದು ಸಂಜೆ ಸಿಕ್ಕೀತೆಂಬ ಭರವಸೆಯೇನು?

ಚಿತ್ರವನ್ನೂ ಧ್ವನಿಯನ್ನೂ ಒಂದುಗೂಡಿಸುವ ತೊಡಕು ಸಿನಿಮಾದಷ್ಟೇ ಹಳೆಯದು. ಅಮೆರಿಕದಲ್ಲಿ ಎಡಿಸನ್ನನ ಬಳಿ ಕೆಲಸಕ್ಕಿದ್ದ ಡಿಕ್ಸನ್ ಎಂಬಾತ 1894–95ರ ಸುಮಾರಿನಲ್ಲಿ ಒಂದು ದೊಡ್ಡ ಕಹಳೆಯ ಮುಂದೆ ನಿಂತು ಪಿಟೀಲು ಬಾರಿಸಿದ. ಪಕ್ಕದಲ್ಲಿ ಇಬ್ಬರು ಗಂಡಸರು ಕೈಕೈ ಹಿಡಿದು ಕುಣಿದರು. ಕಹಳೆ ಧ್ವನಿಯನ್ನು ಮೇಣದ ಉರುಳೆಗೆ ಇಳಿಸಿತು, ಕ್ಯಾಮೆರಾ ಚಿತ್ರವನ್ನು ಫಿಲ್ಮಿಗೆ ಇಳಿಸಿತು. ಎರಡೂ ನೂರು ವರ್ಷ ಬೇರೆಬೇರೆಯಾಗಿಯೇ ಉಳಿದವು. 2000ದ ಸುಮಾರಿಗೆ ವಾಲ್ಟರ್ ಮರ್ಚ್ ಎಂಬ ಹೆಸರಾಂತ ಸಂಕಲನಕಾರ ಅವನ್ನು ಜೋಡಿಸಿ ತೋರಿಸಿದ. ನಮ್ಮಲ್ಲಿ 1931ರ ‘ಆಲಂ ಆರಾ’ ಕಾಲಕ್ಕೆ ಪಾತ್ರಧಾರಿಯೇ ಕ್ಯಾಮೆರಾದ ಮುಂದೆ ಹಾಡಬೇಕಾಗಿತ್ತು. ವಾದ್ಯದವರು ಕ್ಯಾಮೆರಾದ ಕಣ್ಣಿಗೆ ಬೀಳದಂತೆ ಮರೆಯಲ್ಲಿ ಕುಳಿತು ನುಡಿಸಬೇಕಾಗಿತ್ತು. 1935ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ನವರು ‘ಧೂಪ್ ಛಾಂವ್’ ಚಿತ್ರದಲ್ಲಿ ಹಾಡನ್ನು ಮೊದಲೇ ಧ್ವನಿಮುದ್ರಿಸಿ, ಆಮೇಲೆ ಅದಕ್ಕೆ ತುಟಿಯಾಡಿಸುವ ಪದ್ಧತಿಯನ್ನು ತಂದರು. ಅಲ್ಲಿಂದೀಚೆಗೆ ನಮ್ಮ ಸಿನಿಮಾ ಹಾಡು ಆ ದಾರಿ ಬಿಟ್ಟು ಕದಲಿದ್ದು ಅಪರೂಪ. 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಹಾಡಿನ ಚಿತ್ರಗಳಿಗೆಂದೇ ಎಂ.ಟಿ.ವಿ. ಆರಂಭವಾದಾಗ ಅವರು ಮೊದಲು ತೋರಿಸಿದ್ದು, ವಿಡಿಯೊ ಬಂದು ಬಾನುಲಿಯ ತಾರೆಯನ್ನು ಕೊಂದಿತು ಎಂಬ ಅರ್ಥದ ಹಾಡನ್ನು. ಬಾನುಲಿಯಲ್ಲೇ ಕುಳಿತು ಇದನ್ನು ನಿಮಗೆ ಹೇಳುತ್ತಿದ್ದೇನೆ. ಆ ತೀರ್ಪಿನ ಬಗ್ಗೆ ನಾನು ಬೇರೆ ಹೇಳಬೇಕಾಗಿಲ್ಲ.

ಇಷ್ಟನ್ನು ಹೇಳಿದ್ದಕ್ಕೆ ಕಾರಣವಿದೆ. ಆಗ ಇದ್ದ ಎರಡು ದಾರಿಗಳೇ ಈಗಲೂ ನಿಮ್ಮ ಮುಂದಿವೆ. ಒಂದು, ಹಾಡನ್ನು ಮೊದಲೇ ಧ್ವನಿಮುದ್ರಿಸಿಕೊಂಡು, ಆಮೇಲೆ ಕೆರೆಯ ದಡದಲ್ಲೋ ಗುಡಿಯ ಅಂಗಳದಲ್ಲೋ ಅದನ್ನು ನುಡಿಸಿ, ಗಾಯಕರಿಂದ ತುಟಿಯಾಡಿಸಿ ಚಿತ್ರ ತೆಗೆಯುವುದು. ಇನ್ನೊಂದು, ಹಾಡುತ್ತಿರುವಾಗಲೇ ಚಿತ್ರವನ್ನೂ ಧ್ವನಿಯನ್ನೂ ಏಕಕಾಲಕ್ಕೆ ಹಿಡಿಯುವುದು. ಇವೆರಡರಲ್ಲಿ ಯಾವುದೆಂದು ಗೊತ್ತಾಗುವ ತನಕ ಅಂಗಡಿಯ ಮೆಟ್ಟಿಲು ಹತ್ತಬಾರದು. ಎರಡಕ್ಕೂ ಬೇಕಾದ ಸಾಮಾನು ಬೇರೆ.

ಮೊದಲಿನ ದಾರಿಯಲ್ಲಿ ಧ್ವನಿಯ ಚಿಂತೆ ಸ್ಟುಡಿಯೋದವರದು. ಹಾಡು ಅಲ್ಲಿಂದ ಸಿದ್ಧವಾಗಿ ಬರುತ್ತದೆ. ನಿಮಗೆ ಬೇಕಾದದ್ದು ಗಾಯಕಿಗೆ ಕೇಳಿಸುವಷ್ಟು ಜೋರಾದ ಒಂದು ಸ್ಪೀಕರು, ಅದಕ್ಕೆ ತಂತಿ. ತಂತಿಯಿಲ್ಲದೆ ಗಾಳಿಯಲ್ಲಿ ಧ್ವನಿ ಕಳಿಸುವ ಸ್ಪೀಕರುಗಳು ಚೆಂದವೇ. ಆದರೆ ನಡುವೆ ಒಮ್ಮೆ ತಡವರಿಸಿದರೆ ಅಷ್ಟು ಹೊತ್ತಿನ ಚಿತ್ರ ನೀರುಪಾಲು. ಇಲ್ಲಿ ಒಂದು ಸಣ್ಣ ಲೆಕ್ಕವನ್ನು ನೆನಪಿನಲ್ಲಿಡಬೇಕು. ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರು ನಡೆಯುತ್ತದೆ. ನಮ್ಮ ಚಿತ್ರದಲ್ಲಿ ಸೆಕೆಂಡಿಗೆ 25 ಚೌಕಟ್ಟು. ಅಂದರೆ ಒಂದು ಚೌಕಟ್ಟು ಕಳೆಯುವುದರೊಳಗೆ ಧ್ವನಿ ಹದಿಮೂರೂವರೆ ಮೀಟರು ಮಾತ್ರ ಸಾಗಿರುತ್ತದೆ. ಸ್ಪೀಕರನ್ನು ಕ್ಯಾಮೆರಾದ ಬಳಿ ಇಟ್ಟು ಗಾಯಕಿಯನ್ನು 40 ಮೀಟರು ದೂರದ ಬಂಡೆಯ ಮೇಲೆ ನಿಲ್ಲಿಸಿದಿರಿ ಎನ್ನಿ. ಆಕೆಗೆ ಹಾಡು ಮೂರು ಚೌಕಟ್ಟಿನಷ್ಟು ತಡವಾಗಿ ಕೇಳಿಸುತ್ತದೆ. ಆಕೆಯ ತುಟಿಯೂ ಅಷ್ಟೇ ತಡ. ನೋಡುವವರಿಗೆ ಏನು ತಪ್ಪಿದೆಯೆಂದು ಗೊತ್ತಾಗದು, ಏನೋ ತಪ್ಪಿದೆಯೆಂದು ಮಾತ್ರ ಗೊತ್ತಾಗುತ್ತದೆ. ಸ್ಪೀಕರು ಆಕೆಯ ಕಾಲಬುಡದಲ್ಲಿ, ಕಲ್ಲಿನ ಮರೆಯಲ್ಲಿರಲಿ. ಹಾಗೆ ಮಾಡಿದಾಗಲೂ ದೂರದ ಕ್ಯಾಮೆರಾಗೆ ಕೇಳಿಸುವ ಧ್ವನಿ ತಡವಾದದ್ದೇ. ಆ ಚಿತ್ರಗಳನ್ನು ಸಂಕಲನದಲ್ಲಿ ಕಣ್ಣಿನಿಂದ ನೋಡಿ ಸರಿಸಿಕೊಳ್ಳಬೇಕು. ಹಾಡು ಶುರುವಾಗುವ ಮುಂಚೆ ಮೂರು ಸಲ ‘ಪೀಂ’ ಎಂಬ ಸದ್ದನ್ನು ಸೇರಿಸಿಟ್ಟುಕೊಂಡರೆ ಗಾಯಕಿಗೆ ಎತ್ತುಗಡೆ ಸುಲಭ, ಸಂಕಲನಕಾರನಿಗೆ ಜೋಡಣೆ ಸುಲಭ.

ಸೆರಗು ತೇಲುವಂತೆ, ನೀರು ಚಿಮ್ಮುವಂತೆ ನಿಧಾನಗತಿಯ ಚಿತ್ರ ಬೇಕೆಂದು ಎಲ್ಲರೂ ಬಯಸುತ್ತಾರೆ. ತುಟಿಯೂ ಹಾಡಿಗೆ ಸರಿಯಾಗಿ ಕೂಡಬೇಕಾದರೆ ಉಪಾಯವೊಂದುಂಟು. ಸೆಕೆಂಡಿಗೆ 50 ಚೌಕಟ್ಟಿನಂತೆ ತೆಗೆಯುವಾಗ ಹಾಡನ್ನು ಇಮ್ಮಡಿ ವೇಗದಲ್ಲಿ ನುಡಿಸಿ, ಗಾಯಕಿ ಅದೇ ವೇಗದಲ್ಲಿ ತುಟಿಯಾಡಿಸಬೇಕು. ಆಮೇಲೆ 25ರಲ್ಲಿ ನಡೆಸಿದಾಗ ತುಟಿ ಸರಿಯಾದ ಲಯಕ್ಕೆ ಇಳಿಯುತ್ತದೆ, ಸೆರಗು ಮಾತ್ರ ತೇಲುತ್ತದೆ. ನಿಧಾನದ ಹಾಡಾದರೆ ಗಾಯಕಿ ಹೇಗೋ ಪಾರಾದಾಳು. ದ್ರುತಗತಿಯ ಹಾಡಿಗೆ ಈ ಪ್ರಯೋಗ ಬೇಡ.

ಇನ್ನು ಎರಡನೆಯ ದಾರಿ. ನನ್ನ ಒಲವೆಲ್ಲ ಇದರ ಕಡೆಗೇ. ನಮ್ಮ ಸಂಗೀತದಲ್ಲಿ ಗಾಯಕ ಒಂದು ಸಲ ಹಾಡಿದಂತೆ ಇನ್ನೊಂದು ಸಲ ಹಾಡುವುದಿಲ್ಲ. ಗಮಕಕ್ಕೆ ಕತ್ತಿನ ನರವೂ ಕೈಬೆರಳೂ ಸ್ಪಂದಿಸುವುದನ್ನು ತುಟಿಯಾಟದಲ್ಲಿ ತರುವುದು ಕಷ್ಟ. ಜನಪದ ಗಾಯಕರಿಗಂತೂ ತಮ್ಮದೇ ಧ್ವನಿಗೆ ತುಟಿಯಾಡಿಸಿ ಎಂದರೆ ಅದು ಅವಮಾನವಾಗಿ ತೋರಿದರೂ ಆಶ್ಚರ್ಯವಿಲ್ಲ. ಈ ದಾರಿ ಹಿಡಿದರೆ ಹಣದ ಮೊದಲ ಪಾಲು ಧ್ವನಿಗೆ ಹೋಗಬೇಕು. ಕ್ಯಾಮೆರಾದೊಳಗೇ ಇರುವ ಮೈಕು ಸಂಕಲನದ ಗುರುತಿಗೆ ಮಾತ್ರ ಯೋಗ್ಯ, ಕೇಳುವುದಕ್ಕಲ್ಲ.

ಬೇಕಾದದ್ದು ಪ್ರತ್ಯೇಕವಾದ ಒಂದು ಧ್ವನಿಮುದ್ರಣ ಯಂತ್ರ. ಅಂಗೈಯಗಲದವು ಈಗ ಬೇಕಾದಷ್ಟು ಸಿಗುತ್ತವೆ. ಅದಕ್ಕೆ ಹೊರಗಿನ ಮೈಕುಗಳನ್ನು ಸೇರಿಸುವ ಎರಡು ಅಥವಾ ನಾಲ್ಕು ಬಾಯಿಗಳಿರಬೇಕು. ಕಂಡೆನ್ಸರ್ ಜಾತಿಯ ಮೈಕುಗಳಿಗೆ ಬೇಕಾದ 48 ವೋಲ್ಟ್ ವಿದ್ಯುತ್ತನ್ನು ಅದೇ ಒದಗಿಸಬೇಕು. ಸೂಕ್ಷ್ಮ ಕಂಠಕ್ಕೆ, ತಂಬೂರಿಗೆ, ವೀಣೆಗೆ ಕಂಡೆನ್ಸರ್ ಮೈಕು ಒಳ್ಳೆಯದು. ಡೊಳ್ಳು, ನಗಾರಿ, ಜೋರು ಕಂಠದ ಮೇಳಕ್ಕೆ ಡೈನಮಿಕ್ ಜಾತಿಯದು ಸಾಕು; ಅದು ಬಿದ್ದರೂ ಎದ್ದರೂ ತಡೆಯುತ್ತದೆ. 1966ರಲ್ಲಿ ಶೂರ್ ಕಂಪನಿ ಹೊರತಂದ ಎಸ್.ಎಂ. 58 ಎಂಬ ಡೈನಮಿಕ್ ಮೈಕನ್ನು ಇಂದಿಗೂ ಲೋಕದ ವೇದಿಕೆಗಳ ಮೇಲೆಲ್ಲ ಕಾಣಬಹುದು. ಅರವತ್ತು ವರ್ಷದ ಹಿಂದಿನ ಯಾವ ಕ್ಯಾಮೆರಾಕ್ಕೆ ಈ ಭಾಗ್ಯವುಂಟು? ಒಳ್ಳೆಯ ಮೈಕಿಗೆ ಕೊಟ್ಟ ಹಣ ಮಕ್ಕಳ ಕಾಲಕ್ಕೂ ಬರುತ್ತದೆ. ಕ್ಯಾಮೆರಾಕ್ಕೆ ಕೊಟ್ಟದ್ದು ಐದು ವರ್ಷಕ್ಕೆ ಹಳತಾಗುತ್ತದೆ.

ಮೈಕಿನ ಜಾತಿಗಿಂತ ಅದನ್ನಿಡುವ ಜಾಗ ಮುಖ್ಯ. ಬಾಯಿಯಿಂದ ಒಂದಡಿ ದೂರವಿದ್ದ ಮೈಕನ್ನು, ಚಿತ್ರದಲ್ಲಿ ಅಡ್ಡ ಬರುತ್ತದೆಂದು ಎರಡಡಿಗೆ ಸರಿಸಿದರೆ, ಕಂಠದಿಂದ ನೇರವಾಗಿ ಬರುವ ಧ್ವನಿಯ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಕೋಣೆಯ ಗುಂಯ್‌ಗುಟ್ಟುವಿಕೆ ಮಾತ್ರ ಇದ್ದಷ್ಟೇ ಇರುತ್ತದೆ. ಚಿತ್ರ ತೆಗೆಯುವವನಿಗೂ ಧ್ವನಿ ಹಿಡಿಯುವವನಿಗೂ ಎಲ್ಲ ಕಡೆಯೂ ಜಗಳ ಹುಟ್ಟುವುದು ಇಲ್ಲಿಯೇ. ಮೈಕು ಕಂಡರೆ ಕಾಣಲಿ ಎಂಬುದು ನನ್ನ ಅಭಿಪ್ರಾಯ. ಕಚೇರಿಯಲ್ಲಿ ಮೈಕು ಕಾಣುವುದಿಲ್ಲವೆ? ಸೀರೆಯ ಸೆರಗಿಗೆ ಸಿಕ್ಕಿಸುವ ಗುಂಡಿ ಮೈಕು ಭಾಷಣಕ್ಕೆ ಸರಿ. ಹಾಡುವಾಗ ರೇಷ್ಮೆ ಉಜ್ಜಿ ಕರಕರ ಎನ್ನುತ್ತದೆ.

ಮನೆಯ ಹಜಾರದಲ್ಲಿ ಹಿಡಿಯುವುದಾದರೆ ಜಮಖಾನ ಹಾಸಿ, ಗೋಡೆಗೆ ಕಂಬಳಿ ಇಳಿಬಿಡಿ. ಫ್ಯಾನು, ಫ್ರಿಜ್ಜು ನಿಲ್ಲಿಸಿ. ನೆರೆಮನೆಯ ಕುಕ್ಕರು ಕೂಗುವ ಹೊತ್ತನ್ನು ತಿಳಿದುಕೊಂಡಿರಿ. ಬಯಲಿನಲ್ಲಾದರೆ ಮೈಕಿಗೆ ತುಪ್ಪಳದ ಟೋಪಿ ತೊಡಿಸಲೇಬೇಕು. ಗಾಳಿಯ ಭರಭರ ಸದ್ದನ್ನು ಆಮೇಲೆ ಯಾವ ಯಂತ್ರವೂ ಪೂರ್ತಿ ತೊಳೆಯಲಾರದು. ಧ್ವನಿಯ ಮಟ್ಟವನ್ನು ಗಾಯಕರು ತಾರಸ್ಥಾಯಿಗೆ ಏರಿದಾಗಿನ ಜೋರಿಗೆ ನೋಡಿ ಹೊಂದಿಸಬೇಕು, ಆಲಾಪ ಶುರುಮಾಡುವಾಗಿನ ಮೆಲುದನಿಗೆ ನೋಡಿ ಅಲ್ಲ. ಯಂತ್ರವನ್ನು 48 ಕಿಲೋಹರ್ಟ್ಸ್, 24 ಬಿಟ್‌ಗೆ ಇಟ್ಟುಕೊಳ್ಳಿ. ಸಿ.ಡಿ.ಗಳ ಲೆಕ್ಕ 44.1, ವಿಡಿಯೊದ ಲೆಕ್ಕ 48. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನು ಒಂದಿರಲಿ, ಅದನ್ನು ಹಾಕಿಕೊಂಡು ಕೂರುವ ಮನುಷ್ಯನೊಬ್ಬನಿರಲಿ. ಆತನಿಗೆ ಬೇರೆ ಯಾವ ಕೆಲಸವನ್ನೂ ಹೇಳಬೇಡಿ, ಕಾಫಿ ತರುವುದನ್ನೂ ಸಹ.

ಧ್ವನಿಯಂತ್ರ ಬೇರೆ, ಕ್ಯಾಮೆರಾ ಬೇರೆ ಎಂದಮೇಲೆ ಎರಡು ಗಡಿಯಾರಗಳಾದವು. ಎರಡು ಗಡಿಯಾರ ಒಂದೇ ಹೆಜ್ಜೆಯಲ್ಲಿ ನಡೆಯುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು. ಹತ್ತು ಲಕ್ಷದಲ್ಲಿ ಇಪ್ಪತ್ತರಷ್ಟು ಅಂತರವಿದ್ದರೂ ಒಂದು ಗಂಟೆಯಲ್ಲಿ ಸೆಕೆಂಡಿನ ನೂರರ ಏಳು ಭಾಗ, ಅಂದರೆ ಹೆಚ್ಚುಕಡಿಮೆ ಎರಡು ಚೌಕಟ್ಟು ತಪ್ಪುತ್ತದೆ. ಐದು ನಿಮಿಷದ ಭಾವಗೀತೆಗೆ ಇದು ಲೆಕ್ಕಕ್ಕಿಲ್ಲ. ಒಂದು ಗಂಟೆಯ ರಾಗ ವಿಸ್ತಾರಕ್ಕೆ ಲೆಕ್ಕಕ್ಕುಂಟು. ಹಾಡಿನ ಆರಂಭದಲ್ಲಿ ಹಲಗೆ ಬಡಿಯುವಂತೆ ಕೊನೆಯಲ್ಲೂ ಬಡಿಯಿರಿ. ಹಲಗೆಯಿಲ್ಲದಿದ್ದರೆ ಎಲ್ಲ ಕ್ಯಾಮೆರಾಗಳಿಗೂ ಕಾಣುವಂತೆ ಕೈ ಚಪ್ಪಾಳೆ ಸಾಕು.

ಧ್ವನಿಯ ನಂತರ ಬೆಳಕು. ಇಲ್ಲಿ ನಮ್ಮವರೇ ದಾರಿ ಹಾಕಿಕೊಟ್ಟಿದ್ದಾರೆ. 1956ರ ‘ಅಪರಾಜಿತೊ’ ಚಿತ್ರಕ್ಕಾಗಿ ಕಾಶಿಯ ಮನೆಯೊಂದರ ಅಂಗಳವನ್ನು ಸ್ಟುಡಿಯೋದೊಳಗೆ ಕಟ್ಟಿದ್ದರು. ಆಕಾಶದಿಂದ ಇಳಿಯುವ ನೆರಳಿಲ್ಲದ ಬೆಳಕು ಅಲ್ಲಿ ಬರಬೇಕು. ಛಾಯಾಗ್ರಾಹಕ ಸುಬ್ರತ ಮಿತ್ರ ಅಂಗಳದ ಮೇಲೆ ಬಿಳಿಯ ಬಟ್ಟೆಯನ್ನು ಕಟ್ಟಿ, ದೀಪಗಳನ್ನು ಕೆಳಗಿನಿಂದ ಆ ಬಟ್ಟೆಗೆ ಹಾಯಿಸಿ, ಚೆಲ್ಲಿ ಬಂದ ಬೆಳಕಿನಲ್ಲಿ ಚಿತ್ರ ತೆಗೆದರು. ಇನ್ನೊಬ್ಬರು ನಮ್ಮ ಮೈಸೂರಿನ ವಿ. ಕೆ. ಮೂರ್ತಿ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಕಲಿತು ಮುಂಬಯಿಗೆ ಹೋದವರು. ಗುರುದತ್ತರ 1959ರ ‘ಕಾಗಜ್ ಕೆ ಫೂಲ್’ ಚಿತ್ರದ ಒಂದು ಹಾಡಿನಲ್ಲಿ, ಕತ್ತಲೆಯ ಸ್ಟುಡಿಯೋದೊಳಗೆ ಮೇಲಿನಿಂದ ಒಂದೇ ಒಂದು ಬೆಳಕಿನ ಕಂಬ ಇಳಿದು ನಿಲ್ಲುತ್ತದೆ. ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ತಿರುಗಿಸಿ ಒಳಕ್ಕೆ ತಂದ ಬೆಳಕು ಅದು. ಮೂರ್ತಿಯವರಿಗೆ 2008ರ ಸಾಲಿನ ಫಾಲ್ಕೆ ಪ್ರಶಸ್ತಿ ಬಂತು. ಛಾಯಾಗ್ರಾಹಕರೊಬ್ಬರಿಗೆ ಅದು ಬಂದದ್ದು ಅದೇ ಮೊದಲು. ಸಲಕರಣೆಯ ಪಟ್ಟಿಯಲ್ಲಿ ಕನ್ನಡಿಯನ್ನೂ ಬಿಳಿ ಬಟ್ಟೆಯನ್ನೂ ಯಾರೂ ಬರೆಯುವುದಿಲ್ಲವಲ್ಲ ಎಂದು ನನಗೆ ಅನಿಸುತ್ತಿರುತ್ತದೆ.

ಈಗ ಎಲ್.ಇ.ಡಿ. ದೀಪಗಳು ಅಗ್ಗವಾಗಿವೆ, ಕಾವೂ ಕಡಿಮೆ. ಆದರೆ ಎಲ್ಲ ಎಲ್.ಇ.ಡಿ.ಯೂ ಒಂದೇ ಅಲ್ಲ. ದೀಪದ ಬೆಳಕಿನಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆಂಬುದಕ್ಕೆ ಸಿ.ಆರ್.ಐ. ಎಂಬ ಅಳತೆಯುಂಟು, ನೂರಕ್ಕೆ 95ರ ಮೇಲಿರುವುದನ್ನೇ ಆರಿಸಿ. ಕಡಿಮೆಯದಾದರೆ ಮೈಬಣ್ಣ ಹಸುರಿಗೆ ತಿರುಗುತ್ತದೆ, ಮೈಸೂರು ರೇಷ್ಮೆಯ ಕುಂಕುಮ ಬಣ್ಣ ಇಟ್ಟಿಗೆಯ ಬಣ್ಣವಾಗುತ್ತದೆ. ಬರಿಯ ದೀಪವನ್ನು ನೇರವಾಗಿ ಮುಖಕ್ಕೆ ಹಿಡಿಯಬೇಡಿ. ಅದರ ಮುಂದೆ ಒಗೆದ ಬಿಳಿ ಪಂಚೆಯೊಂದನ್ನು ಹರಡಿ ಕಟ್ಟಿ. ಎದುರು ಬದಿಗೆ ಒಂದು ಥರ್ಮೊಕೋಲ್ ಹಾಳೆ ನಿಲ್ಲಿಸಿ. ಎಂಬತ್ತರ ಅಜ್ಜಿಯ ಕಣ್ಣಿಗೂ ಇದು ಹಿತ, ಚಿತ್ರಕ್ಕೂ ಹಿತ. ಗಾಯಕರ ಹಿಂದಿನಿಂದ ತಲೆಗೂದಲಿಗೆ, ಹೆಗಲಿಗೆ ತಾಗುವಂತೆ ಇನ್ನೊಂದು ಸಣ್ಣ ದೀಪವಿದ್ದರೆ ಅವರು ಹಿಂದಿನ ಪರದೆಯಿಂದ ಬಿಡಿಸಿಕೊಂಡು ಮುಂದೆ ಬರುತ್ತಾರೆ. ಇಷ್ಟೇ. ಬಣ್ಣ ಬದಲಿಸುವ ದೀಪಗಳ ಆಮಿಷಕ್ಕೆ ಬೀಳಬೇಡಿ. ಪುರಂದರದಾಸರ ಪದಕ್ಕೆ ನೇರಳೆ ಬೆಳಕು ಏಕೆ ಬೇಕೆಂದು ನನಗಂತೂ ಹೊಳೆದಿಲ್ಲ.

ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಆದ್ದರಿಂದ ಮನೆಯ ಎಷ್ಟೋ ದೀಪಗಳು ಸೆಕೆಂಡಿಗೆ ನೂರು ಸಲ ಹೆಚ್ಚುಕಡಿಮೆಯಾಗಿ ಮಿನುಗುತ್ತಿರುತ್ತವೆ. ಕಣ್ಣಿಗೆ ಕಾಣದ್ದು ಕ್ಯಾಮೆರಾಗೆ ಕಾಣುತ್ತದೆ. ಕ್ಯಾಮೆರಾವನ್ನು ಸೆಕೆಂಡಿಗೆ 25 ಚೌಕಟ್ಟಿಗೆ, ಶಟರನ್ನು ಸೆಕೆಂಡಿನ 50ನೆಯ ಒಂದು ಭಾಗಕ್ಕೆ ಇಟ್ಟರೆ ಆ ಮಿಣುಕು ತೊಲಗುತ್ತದೆ. ಫೋನುಗಳು ಬಹುಮಟ್ಟಿಗೆ 30 ಚೌಕಟ್ಟಿಗೆ ಹೊಂದಿಸಿಯೇ ಬರುತ್ತವೆ, ಬದಲಿಸಿಕೊಳ್ಳಬೇಕು. ಅಲ್ಲದೆ ಫೋನು ಬೆಳಕು ಕಡಿಮೆಯಾದಾಗ ಚೌಕಟ್ಟಿನ ವೇಗವನ್ನು ತಾನೇ ಏರಿಳಿಸುವುದುಂಟು; ಹಾಡಿಗೆ ಜೋಡಿಸುವಾಗ ಅದು ದೊಡ್ಡ ಪೀಡೆ. ವೇಗವನ್ನು ಕದಲದಂತೆ ಹಿಡಿಯುವ ತಂತ್ರಾಂಶವನ್ನು ಫೋನಿಗೆ ಹಾಕಿಕೊಳ್ಳುವುದು ಲೇಸು.

ಮೂರನೆಯದು ಸ್ಟ್ಯಾಂಡು. ಹಗುರವಾದ, ಅಗ್ಗದ ಮುಕ್ಕಾಲಿಯನ್ನು ಕೊಂಡವರು ಎರಡನೆಯ ಸಲ ಕೊಳ್ಳುತ್ತಾರೆ. ಕ್ಯಾಮೆರಾವನ್ನು ಎಡಕ್ಕೂ ಬಲಕ್ಕೂ ಜರುಕಿಲ್ಲದೆ ತಿರುಗಿಸಲು ಎಣ್ಣೆಯ ಒತ್ತಡದ ತಲೆಯಿರುವ ಗಟ್ಟಿ ಮುಕ್ಕಾಲಿ ಬೇಕು. ಕೈಯಲ್ಲಿ ಹಿಡಿದು ನಡೆಯುವಾಗ ಕುಲುಕದಂತೆ ಕಾಯುವ ಗಿಂಬಲ್ ಎಂಬುದು ಬಂದಿದೆ. ಹಾಡಿನ ನಡುವೆ ಒಂದು ಸಲ ಬಳಸಿದರೆ ಚೆನ್ನು. ಹಾಡು ಮುಗಿಯುವವರೆಗೂ ಗಾಯಕರ ಸುತ್ತ ಪ್ರದಕ್ಷಿಣೆ ಬಂದರೆ ನೋಡುವವರಿಗೆ ತಲೆಸುತ್ತು. ಫ್ರಾನ್ಸಿನ ಗೊದಾರ್ 1960ರಲ್ಲಿ ಹೆಸರಾದ ತಮ್ಮ ಮೊದಲ ದೊಡ್ಡ ಚಿತ್ರಕ್ಕೆ ಛಾಯಾಗ್ರಾಹಕ ರಾವೂಲ್ ಕುತಾರ್ ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಹೋದರು. ನಯವಾದ ನೆಲವಿದ್ದರೆ ಆ ಉಪಾಯ ಇಂದಿಗೂ ನಡೆಯುತ್ತದೆ.

ಲೆನ್ಸಿನ ವಿಷಯ. ಕ್ಯಾಮೆರಾದ ಜೊತೆ ಪೆಟ್ಟಿಗೆಯಲ್ಲೇ ಬರುವ ಜೂಮ್ ಲೆನ್ಸಿನ ಬಾಯಿ ಕಿರಿದು, ಎಫ್ 3.5 ಅಥವಾ ಅದಕ್ಕೂ ಸಣ್ಣದು. ಕಂಪನಿಗಳು ಮಾರುವ 50 ಮಿಲಿಮೀಟರಿನ ಎಫ್ 1.8 ಲೆನ್ಸು ಬಹುಶಃ ಅವರ ಅಂಗಡಿಯಲ್ಲೇ ಅತಿ ಅಗ್ಗದ್ದು. ಅದು ಇದರ ನಾಲ್ಕುಪಟ್ಟಿನಷ್ಟು ಬೆಳಕನ್ನು ಒಳಗೆ ಬಿಡುತ್ತದೆ. ಮುಖಕ್ಕೆ 85 ಮಿಲಿಮೀಟರಿನದು ಇನ್ನೂ ಸೊಗಸು. ಅಗಲನೋಟದ ಲೆನ್ಸನ್ನು ಮುಖದ ಹತ್ತಿರ ಒಯ್ದರೆ ಮೂಗು ದಪ್ಪವಾಗಿ ಗಾಯಕರು ಮುನಿಸಿಕೊಳ್ಳುತ್ತಾರೆ. ಬಾಯಿ ಅಗಲವಾಗಿ ತೆರೆದರೆ ಹಿನ್ನೆಲೆಯೆಲ್ಲ ಮಂಜಾಗಿ ಕರಗುತ್ತದೆ. ಈಗಿನ ತರುಣರಿಗೆ ಅದೊಂದು ಹುಚ್ಚು. ವೀಣೆ ನುಡಿಸುವವರ ಕಣ್ಣು ಸ್ಪಷ್ಟವಾಗಿ, ಬೆರಳು ಮಂಜಾಗಿ ಕಂಡರೆ ಆ ಚಿತ್ರ ಏತಕ್ಕೆ? ಮುಖವೂ ಬೆರಳೂ ಎರಡೂ ಸ್ಪಷ್ಟವಿರಬೇಕಾದರೆ ಎಫ್ 4, 5.6ರವರೆಗೆ ಬಾಯಿ ಕಿರಿದು ಮಾಡಬೇಕು. ಹಾಗೆ ಮಾಡಿದರೆ ಬೆಳಕು ಹೆಚ್ಚು ಬೇಕು. ದೀಪಕ್ಕೆ ಮೊದಲು ಹಣ ಕೊಡಿ ಎಂದದ್ದು ಇದಕ್ಕೇ.

ಕಡೆಗೆ ಕ್ಯಾಮೆರಾ. 2008ರಲ್ಲಿ ಕ್ಯಾನನ್ ಕಂಪನಿಯ 5ಡಿ ಮಾರ್ಕ್ 2 ಬಂದಾಗ, ಸ್ಥಿರಚಿತ್ರದ ಕ್ಯಾಮೆರಾದಿಂದಲೇ ಸಿನಿಮಾದಂಥ ಚಿತ್ರ ತೆಗೆಯಬಹುದೆಂದು ಲೋಕಕ್ಕೆ ತಿಳಿಯಿತು. ಆದರೆ ಅದು ಹನ್ನೆರಡು ನಿಮಿಷದ ಹೊತ್ತಿಗೆ ನಿಂತುಬಿಡುತ್ತಿತ್ತು. ಹೆಡ್‌ಫೋನು ಸಿಕ್ಕಿಸುವ ತೂತೇ ಅದಕ್ಕಿರಲಿಲ್ಲ. ಹಳೆಯ ಕ್ಯಾಮೆರಾಗಳನ್ನು ಅಗ್ಗಕ್ಕೆ ಕೊಳ್ಳುವವರು ಇಂಥದನ್ನು ಕೇಳಿ ತಿಳಿದುಕೊಳ್ಳಬೇಕು. ಎಷ್ಟೋ ಮಾದರಿಗಳು ಅರ್ಧ ಗಂಟೆಗೆ ಒಂದು ಸೆಕೆಂಡು ಮುಂಚೆ ತಾವೇ ನಿಲ್ಲುತ್ತಿದ್ದವು. ವಿಲಂಬಿತ ಖಯಾಲು ಅರ್ಧಕ್ಕೆ ಬಂದಾಗ ಕ್ಯಾಮೆರಾ ಮಲಗಿದರೆ ಯಾರಿಗೆ ಹೇಳೋಣ? ಬೇಸಗೆಯ ಬಿಸಿಲಿನಲ್ಲಿ ಕಾದು ತಾನಾಗಿ ಆರಿಹೋಗುವ ಕ್ಯಾಮೆರಾಗಳೂ ಉಂಟು. ಆದ್ದರಿಂದ ನೋಡಬೇಕಾದ್ದು ಇಷ್ಟು: ಹಾಡು ಮುಗಿಯುವ ತನಕ ನಿಲ್ಲದೆ ಓಡಬೇಕು, 25 ಚೌಕಟ್ಟು, ಶಟರು, ಲೆನ್ಸಿನ ಬಾಯಿ, ಬಿಳಿಯ ಬಣ್ಣದ ಹೊಂದಾಣಿಕೆ ಎಲ್ಲವನ್ನೂ ಕೈಯಿಂದ ನಿಲ್ಲಿಸಲು ಬರಬೇಕು, ಮೈಕಿಗೂ ಹೆಡ್‌ಫೋನಿಗೂ ಜಾಗವಿರಬೇಕು. ಬಣ್ಣದ ಮೆಟ್ಟಿಲು 8 ಬಿಟ್ಟಿನದಾದರೆ ಪ್ರತಿ ಮೂಲವರ್ಣಕ್ಕೆ 256, 10 ಬಿಟ್ಟಿನದಾದರೆ 1024. ಕಪ್ಪು ಪರದೆಯ ಮುಂದೆ ದೀಪದ ಬೆಳಕು ಮೆಲ್ಲಗೆ ಕತ್ತಲೆಗೆ ಇಳಿಯುವಲ್ಲಿ, ಬಣ್ಣ ತಿದ್ದಿದ ಮೇಲೆ 8 ಬಿಟ್ಟಿನ ಚಿತ್ರದಲ್ಲಿ ಪಟ್ಟೆಪಟ್ಟೆಯಾಗಿ ಕಾಣುವುದುಂಟು. 10 ಬಿಟ್ಟಿನದು ಸಿಕ್ಕಿದರೆ ಅದನ್ನೇ ಆರಿಸಿ.

4ಕೆ ಎಂಬುದರ ಬಗ್ಗೆ ಅಂಗಡಿಯವರು ಬಹಳ ಹೇಳುತ್ತಾರೆ. 3840ಕ್ಕೆ 2160 ಚುಕ್ಕಿಗಳು. ಹಿಂದಿನ 1920ಕ್ಕೆ 1080ರ ನಾಲ್ಕರಷ್ಟು. ನಿಮ್ಮ ಹಾಡನ್ನು ಹೆಚ್ಚಿನವರು ಬಸ್ಸಿನಲ್ಲಿ ಕುಳಿತು ಫೋನಿನಲ್ಲಿ ನೋಡುವವರು. ಅವರಿಗೆ ವ್ಯತ್ಯಾಸ ತಿಳಿಯದು. ಒಂದು ಪ್ರಯೋಜನ ಮಾತ್ರ ನಿಜ. ಒಂದೇ ಕ್ಯಾಮೆರಾದಿಂದ ಇಡೀ ಮೇಳವನ್ನು 4ಕೆಯಲ್ಲಿ ಹಿಡಿದಿದ್ದರೆ, ಸಂಕಲನದಲ್ಲಿ ಅದರೊಳಗಿನಿಂದಲೇ ಗಾಯಕರ ಹತ್ತಿರದ ನೋಟವನ್ನು ಕತ್ತರಿಸಿ ತೆಗೆಯಬಹುದು. ಇನ್ನೊಂದು ದೋಷವನ್ನು ಪರೀಕ್ಷಿಸಿ ನೋಡಬೇಕು. ಈಗಿನ ಬಹುಪಾಲು ಕ್ಯಾಮೆರಾಗಳು ಚಿತ್ರವನ್ನು ಒಮ್ಮೆಲೆ ಹಿಡಿಯದೆ ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತವೆ. ಓದುವುದು ನಿಧಾನವಾದರೆ ಕಂಪಿಸುವ ತಂತಿ ಹಾವಿನಂತೆ ಡೊಂಕಾಗಿ ಕಾಣುತ್ತದೆ, ಪಿಟೀಲಿನ ಕಮಾನು ಬಾಗುತ್ತದೆ, ತಬಲದ ಬೆರಳು ತಿರುಚಿಕೊಳ್ಳುತ್ತದೆ. ಕೊಳ್ಳುವ ಮೊದಲು ಅಂಗಡಿಯಲ್ಲೇ ಕ್ಯಾಮೆರಾವನ್ನು ಬೇಗನೆ ಪಕ್ಕಕ್ಕೆ ತಿರುಗಿಸಿ ಬಾಗಿಲ ಚೌಕಟ್ಟನ್ನು ಚಿತ್ರಿಸಿ ನೋಡಿ. ಬಾಗಿಲು ಹೆಚ್ಚು ಓರೆಯಾದರೆ ಆ ಕ್ಯಾಮೆರಾ ಸಂಗೀತಕ್ಕಲ್ಲ.

ಕೈಯಲ್ಲಿರುವ ಫೋನು ಸಾಲದೆ ಎಂದು ಕೇಳಬಹುದು. ಬೆಳಕೂ ಧ್ವನಿಯೂ ಸರಿಯಿದ್ದರೆ ಎಷ್ಟೋ ಕೆಲಸಕ್ಕೆ ಸಾಕು. 2015ರಲ್ಲಿ ತೆರೆಕಂಡ ‘ಟ್ಯಾಂಜರೀನ್’ ಎಂಬ ಅಮೆರಿಕನ್ ಕಥಾಚಿತ್ರವನ್ನು ಐಫೋನ್ 5ಎಸ್‌ನಿಂದ ತೆಗೆದಿದ್ದರು. ಎರಡು ಕ್ಯಾಮೆರಾ ಬಳಸುವುದಾದರೆ ಒಂದು ದುಬಾರಿ, ಒಂದು ಅಗ್ಗದ್ದು ಎನ್ನುವುದಕ್ಕಿಂತ ಒಂದೇ ಜಾತಿಯ ಸಾಧಾರಣದ ಎರಡು ಮೇಲು; ಇಲ್ಲದಿದ್ದರೆ ಒಂದರಲ್ಲಿ ಹಸುರಾದ ಸೀರೆ ಇನ್ನೊಂದರಲ್ಲಿ ನೀಲಿಯಾಗುತ್ತದೆ.

ಸೆಕೆಂಡಿಗೆ ನೂರು ಮೆಗಾಬಿಟ್ ವೇಗದಲ್ಲಿ ಚಿತ್ರ ತೆಗೆದರೆ ಗಂಟೆಗೆ 45 ಗಿಗಾಬೈಟ್ ಆಗುತ್ತದೆ. ಎರಡು ಕ್ಯಾಮೆರಾ, ಮೂರು ಗಂಟೆ ಎಂದರೆ 270. ಕಾರ್ಡು, ಬ್ಯಾಟರಿ ಹೆಚ್ಚುವರಿಯಾಗಿರಲಿ. ಅಂದಿನ ರಾತ್ರಿಯೇ ಎರಡು ಬೇರೆ ಡಿಸ್ಕಿಗೆ ಪ್ರತಿ ಮಾಡಿ, ಒಂದನ್ನು ಬೇರೆಯವರ ಮನೆಯಲ್ಲಿಡಿ. ಆಮೇಲೆಯೇ ಕಾರ್ಡನ್ನು ಅಳಿಸುವುದು. ಸಂಕಲನಕ್ಕೆ ‘ಡಾವಿಂಚಿ ರಿಸಾಲ್ವ್’ ಎಂಬ ತಂತ್ರಾಂಶದ ಒಂದು ಆವೃತ್ತಿ ಹಣವಿಲ್ಲದೆಯೇ ಸಿಗುತ್ತದೆ, ಕಲಿಯುವುದಕ್ಕೆ ತಾಳ್ಮೆ ಬೇಕು.

ಹಾಗಾದರೆ ಏನನ್ನು ಕೊಳ್ಳಬೇಕು, ಏನನ್ನು ಬಾಡಿಗೆಗೆ ತರಬೇಕು? ವರ್ಷಕ್ಕೆ ನಾಲ್ಕು ಹಾಡು ಮಾಡುವವರು ಮೈಕು, ಧ್ವನಿಯಂತ್ರ, ಹೆಡ್‌ಫೋನು, ಒಳ್ಳೆಯ ಮುಕ್ಕಾಲಿ, ಒಂದು ಸಿ.ಆರ್.ಐ. 95ರ ದೀಪ ಇಷ್ಟನ್ನು ಸ್ವಂತಕ್ಕೆ ಇಟ್ಟುಕೊಳ್ಳಲಿ. ಕ್ಯಾಮೆರಾವನ್ನೂ ಲೆನ್ಸನ್ನೂ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಂಥ ಊರುಗಳಲ್ಲಿ ದಿನದ ಬಾಡಿಗೆಗೆ ತರಬಹುದು. ತಿಂಗಳಿಗೆ ನಾಲ್ಕು ಮಾಡಿ ಅದರಿಂದಲೇ ಅನ್ನ ಸಂಪಾದಿಸುವವರ ಲೆಕ್ಕ ಬೇರೆ. ಅವರು ಕ್ಯಾಮೆರಾ ಕೊಳ್ಳಲಿ. ನಾನು ಕಂಡ ಒಂದು ತಂಡದವರು ಆಕಾಶದಿಂದ ಚಿತ್ರ ತೆಗೆಯುವ ಡ್ರೋನು ತಂದಿದ್ದರು, ದೀಪಕ್ಕೆ ಜನರೇಟರನ್ನೂ ತಂದಿದ್ದರು. ಅದರ ಸದ್ದನ್ನು ದೂರವಿಡಲು ಐವತ್ತು ಮೀಟರು ತಂತಿ ಮಾತ್ರ ತಂದಿರಲಿಲ್ಲ. ಎರಡು ತಂಬೂರಿ, ಒಂದು ಜನರೇಟರು—ಶ್ರುತಿ ಕೂಡಲಿಲ್ಲ.

ಅಂಗಡಿಯಲ್ಲಿ ಸಿಗದ ಸಲಕರಣೆ ಒಂದಿದೆ, ಅದು ಒಪ್ಪಿಗೆ ಪತ್ರ. ನಮ್ಮ ಕಾನೂನಿನಲ್ಲಿ ಕವಿಯ ಹಕ್ಕು ಆತ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅವರ ಗೀತೆಗಳ ಹಕ್ಕು 2041ರ ಕೊನೆಯವರೆಗೆ. ಕುವೆಂಪು ಅವರದು 1994. ಹಕ್ಕು 2054ರ ಕೊನೆಯವರೆಗೆ. ವಚನಗಳಿಗೂ ದಾಸರ ಪದಗಳಿಗೂ ಈ ತೊಡಕಿಲ್ಲ. ಆದರೆ ಅವಕ್ಕೆ ಈಚಿನವರು ಹಾಕಿದ ರಾಗಸಂಯೋಜನೆಗೆ ಅವರ ಹಕ್ಕುಂಟು. ಹಳ್ಳಿಯ ಗಾಯಕರನ್ನು ಚಿತ್ರಿಸುವಾಗ, ಎಲ್ಲಿ ತೋರಿಸುತ್ತೇವೆ, ಹಣ ಬಂದರೆ ಅವರಿಗೆಷ್ಟು ಎಂಬುದನ್ನು ಮೊದಲೇ ಕನ್ನಡದಲ್ಲಿ ಬರೆದು ಓದಿ ಹೇಳಿ, ಒಂದು ಪ್ರತಿಯನ್ನು ಅವರ ಕೈಗೇ ಕೊಡಬೇಕು.

ಬಾಡಿಗೆ ಸಾಮಾನು ತರುವವರು ಚಿತ್ರೀಕರಣದ ಹಿಂದಿನ ಸಂಜೆಯೇ ತರಲಿ. ಅಂಗಡಿಯಲ್ಲೇ ಬ್ಯಾಟರಿ ಹಾಕಿ, ಮೈಕು ಸಿಕ್ಕಿಸಿ, ಹಾಡಿನ ಒಂದು ಚರಣವನ್ನು ಹಿಡಿದು, ಹೆಡ್‌ಫೋನಿನಲ್ಲಿ ಕೇಳಿ ನೋಡಿ. ತಂತಿಗಳ ತುದಿಯನ್ನು ಅಲುಗಿಸಿ ಕರಕರ ಎನ್ನುವವನ್ನು ಅಲ್ಲೇ ಹಿಂದಕ್ಕೆ ಕೊಟ್ಟು ಬೇರೆಯದನ್ನು ಕೇಳಿ ತನ್ನಿರಿ.